ಡಾಕ್ಟರು ಹೇಳಿದ್ದು ಮೂರೇ ವಾರ

ಜನವರಿ 12, ಸೋಮವಾರ

ಮಾತು ಬಿಟ್ಟು ನಾಲ್ಕನೇ ದಿನ. ಗಂಟಲಲ್ಲಿ ಗಂಟು. ಇಪ್ಪತ್ತಾರು ವರ್ಷ ಭೂಗೋಳ ಕೂಗಿ ಕೂಗಿ ಸಂಪಾದಿಸಿದ ಆಸ್ತಿ. ಮೂರು ವಾರ ತುಟಿ ಪಿಟಕ್ಕೆನ್ನುವ ಹಾಗಿಲ್ಲ, ಪಿಸುಮಾತೂ ಕೂಡದು ಎಂದಿದ್ದಾರೆ ಡಾಕ್ಟರು. ರಜೆ ಕೇಳಲಿಲ್ಲ. ಮನೆಯಲ್ಲಿ ಕೂತು ಏನು ಮಾಡಲಿ?

ಕಂಪ್ಯೂಟರ್ ಮೇಷ್ಟ್ರು ದಾರಿ ತೋರಿಸಿದರು. ಒಂದು ಆನ್‌ಲೈನ್ ಡಾಕ್ಯುಮೆಂಟ್ ತೆರೆದು, ಎಂಟನೇ ಕ್ಲಾಸಿನ ಮೂವತ್ನಾಲ್ಕು ಮಕ್ಕಳಿಗೂ ಶೇರ್ ಮಾಡುವುದು. ನಾನು ಟೈಪ್ ಮಾಡಿದ್ದು ಅವರವರ ಟ್ಯಾಬ್‌ನಲ್ಲಿ ಕಾಣುತ್ತದೆ; ಅವರು ಅಂಚಿನಲ್ಲಿ ಕಾಮೆಂಟ್ ಹಾಕಬಹುದು. "ನೀರು ಕುಡಿದಷ್ಟು ಸುಲಭ ಮೇಡಂ." ನನಗೆ ನೀರು ಕುಡಿಯುವುದೇ ಕಷ್ಟ ಎಂದು ಚೀಟಿ ಬರೆದು ಕೊಟ್ಟೆ. ನಕ್ಕರು.

ಜನವರಿ 13, ಮಂಗಳವಾರ

ಅನಾಹುತ. ಕಾಮೆಂಟ್ ಮಾತ್ರ ಎಂದು ಇಡಬೇಕಾದಲ್ಲಿ ಎಲ್ಲರಿಗೂ ತಿದ್ದುವ ಅನುಮತಿ ಕೊಟ್ಟುಬಿಟ್ಟೆ. ಐದು ನಿಮಿಷದಲ್ಲಿ ನನ್ನ ನದಿಗಳೆಲ್ಲ ಮಾಯ. ಜ್ವಾಲಾಮುಖಿಗಳ ಪಟ್ಟಿಯಲ್ಲಿ ಹೆಡ್‌ಮಾಸ್ಟರರ ಹೆಸರು. ಬೈಯೋಣವೆಂದರೆ ಬಾಯಿಲ್ಲ. ದೊಡ್ಡ ಅಕ್ಷರದಲ್ಲಿ "ಸಾಕು" ಎಂದು ಟೈಪ್ ಮಾಡಿದೆ — ಅದನ್ನೂ ಯಾರೋ ಅಳಿಸಿದರು!

ಸಂಜೆ ಅಕ್ಕನ ಫೋನ್. "ನೀನು ಮಾತಾಡ್ಬೇಡ ಕಣೇ, ನಾನೇ ಮಾತಾಡ್ತೀನಿ." ಮೊದಲೂ ಹಾಗೇ ಇತ್ತಲ್ಲ ಅಕ್ಕಾ.

ಜನವರಿ 19, ಸೋಮವಾರ

ಡಾಕ್ಯುಮೆಂಟ್ ಹಳಿಗೆ ಬಂದಿದೆ. ಅತಿ ಹೆಚ್ಚು ಪ್ರಶ್ನೆ ಯಾರದು? ಕಿಟಕಿ ಪಕ್ಕದ ಹುಡುಗಿಯದು. ಅವಳಿಗೆ ಉಗ್ಗು. ಹಾಜರಿ ಕರೆದಾಗಲೂ ಕೈ ಎತ್ತುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ಇವತ್ತು ಒಬ್ಬಳದೇ ಹನ್ನೊಂದು ಕಾಮೆಂಟ್. "ಮಿಸ್, ಸಮುದ್ರ ಸೇರಿದ ಮೇಲೂ ನದಿ ನೀರು ಸ್ವಲ್ಪ ದೂರ ಬೇರೆಯಾಗೇ ಇರುತ್ತಾ?" ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಬರೆದೆ. ತಕ್ಷಣ ಇನ್ನೊಂದು ಪ್ರಶ್ನೆ. ಐದೂವರೆಯಾದರೂ ಏಳಲಿಲ್ಲ.

ಜನವರಿ 23, ಶುಕ್ರವಾರ

ದಿನಾ ನಾಲ್ಕೂವರೆಗೆ ಅವಳ ಕಾಮೆಂಟ್. ಇವತ್ತು ಪಾಠದ್ದಲ್ಲ. "ಮಿಸ್, ಮನೆಗೆ ಹೋಗಲ್ವಾ?" ನೀನು ಹೋಗಲ್ವಾ ಎಂದು ಬರೆದೆ. "ಅಮ್ಮ ಆರಕ್ಕೆ ಕರ್ಕೊಂಡು ಹೋಗೋಕೆ ಬರ್ತಾರೆ. ಅಲ್ಲೀತನಕ ಲೈಬ್ರರಿ." ನನಗೆ ಆರಕ್ಕೂ ಯಾರೂ ಬರುವುದಿಲ್ಲ ಎಂದು ಟೈಪ್ ಮಾಡಿ, ಕಳಿಸುವ ಮೊದಲೇ ಅಳಿಸಿದೆ.

ಸ್ಟಾಫ್ ರೂಮಿನಿಂದ ಲೈಬ್ರರಿಗೆ ಇಪ್ಪತ್ತು ಹೆಜ್ಜೆ. ಅವಳೂ ಬರಲಿಲ್ಲ, ನಾನೂ ಹೋಗಲಿಲ್ಲ.

ಜನವರಿ 30, ಶುಕ್ರವಾರ

ಗಂಟು ಕರಗಿದೆ. "ಏನಾದ್ರೂ ಮಾತಾಡಿ ನೋಡೋಣ" ಎಂದರು ಡಾಕ್ಟರು. "ಥ್ಯಾಂಕ್ಸ್" ಅಂದೆ. ಯಾರದೋ ದನಿಯಂತಿತ್ತು. ಸೋಮವಾರದಿಂದ ಪಾಠ ಮಾಡಬಹುದಂತೆ.

ಮನೆಗೆ ಬಂದು ಬೀಗ ತೆಗೆದು "ಬಂದೆ" ಎಂದು ಜೋರಾಗಿ ಹೇಳಿದೆ. ನಾನು ಮೂರು ವಾರ ಮಾತು ಬಿಟ್ಟದ್ದು ಈ ಮನೆಗೆ ಗೊತ್ತೇ ಆಗಿಲ್ಲ.

ಫೆಬ್ರವರಿ 2, ಸೋಮವಾರ

ಸುಳ್ಳು ಹೇಳಿದೆ. ಹೇಳಲಿಲ್ಲ, ಬೋರ್ಡಿನ ಮೇಲೆ ಬರೆದೆ: ಇನ್ನೊಂದು ವಾರ ಮಾತಾಡುವ ಹಾಗಿಲ್ಲ. ಮಕ್ಕಳೆಲ್ಲ ಅಯ್ಯೋ ಎಂದರು. ಐವತ್ತೊಂದರ ಹೆಂಗಸು... ನಾಚಿಕೆಯಾಗುತ್ತದೆ. ಆದರೆ ಬಾಯಿ ತೆರೆದರೆ ಡಾಕ್ಯುಮೆಂಟ್ ಮುಚ್ಚುತ್ತದೆ. ನಾಲ್ಕೂವರೆಗೆ ಯಾರೂ ಇರುವುದಿಲ್ಲ.

ಅಕ್ಕನಿಗೂ ತಿಳಿಸಿಲ್ಲ. ಅವಳು ಮಾತಾಡಿದಳು, ನಾನು ಕೇಳಿದೆ.

ಫೆಬ್ರವರಿ 5, ಗುರುವಾರ

ಸಿಕ್ಕಿಬಿದ್ದೆ. ನದಿಯೊಂದನ್ನು ತೋರಿಸಲು ಕಿಟಕಿ ಪಕ್ಕದ ಹುಡುಗಿಯನ್ನು ಗೋಡೆಯ ನಕ್ಷೆಯ ಹತ್ತಿರ ಸನ್ನೆ ಮಾಡಿ ಕರೆದಿದ್ದೆ. ಮೊಳೆ ಕಿತ್ತುಬಂದು, ನಕ್ಷೆ ಮರದ ಕೋಲಿನ ಸಮೇತ ಅವಳ ತಲೆಯ ಕಡೆಗೆ ಜಾರಿತು. "ಏಯ್, ಹುಷಾರು! ಪಕ್ಕಕ್ಕೆ ಬಾ!" ಕಾರಿಡಾರಿನ ಕೊನೆಗೂ ಕೇಳಿಸಿರಬೇಕು. ಅವಳಿಗೆ ಏನೂ ಆಗಲಿಲ್ಲ. ಮಕ್ಕಳು ಡೆಸ್ಕ್ ಬಡಿದರು — "ಮಿಸ್‌ಗೆ ದನಿ ಬಂತು!" ಅವಳೊಬ್ಬಳು ನನ್ನನ್ನೇ ನೋಡುತ್ತಿದ್ದಳು.

ಕಂಪ್ಯೂಟರ್ ಮೇಷ್ಟ್ರು ಓಡಿ ಬಂದರು. "ಹಾಗಾದ್ರೆ ನಾಳೆ ಐದು ಗಂಟೆಗೆ ಡಾಕ್ಯುಮೆಂಟ್ ಕ್ಲೋಸ್ ಮಾಡ್ಬಿಡ್ಲಾ ಮೇಡಂ?" ಬೇಡ ಅನ್ನಬಹುದಿತ್ತು, ದನಿ ಇತ್ತಲ್ಲ. ಮೂರು ವಾರದ ರೂಢಿ, ಹೂಂ ಎಂಬಂತೆ ತಲೆಯಾಡಿಸಿಬಿಟ್ಟೆ.

ಫೆಬ್ರವರಿ 6, ಶುಕ್ರವಾರ, ಸಂಜೆ 4.40

ಸ್ಟಾಫ್ ರೂಮ್ ಖಾಲಿ. ಡಾಕ್ಯುಮೆಂಟಿನಲ್ಲಿ ಇಬ್ಬರೇ.

"ಮಿಸ್, ಸೋಮವಾರ ನೀವು ಜೋರಾಗಿ ನೋಟ್‌ಬುಕ್ ಎಣಿಸ್ತಿದ್ದದ್ದು ಲೈಬ್ರರಿಗೆ ಕೇಳಿಸ್ತು. ಯಾರಿಗೂ ಹೇಳಿಲ್ಲ. ಯಾಕೆ ಸುಮ್ನಿದ್ರಿ?"

ನಾಲ್ಕೂವರೆಗೆ ಮಾತಾಡೋಕೆ ನನಗೆ ಬೇರೆ ಯಾರೂ ಇಲ್ಲ, ಎಂದು ಬರೆದೆ. ಈ ಸಲ ಅಳಿಸಲಿಲ್ಲ. ಕಳಿಸಿದೆ.

4.52

ಉತ್ತರವಿಲ್ಲ. ಅವಳ ಹೆಸರು ಪರದೆಯಿಂದ ಹೋಯಿತು. ಹದಿಮೂರರ ಮಗುವಿಗೆ ಬರೆಯುವ ಮಾತೇ ಅದು? ನನಗೆ ಬುದ್ಧಿ ಯಾವಾಗ ಬರುತ್ತದೋ...

ಹೊರಗೆ ಹೆಜ್ಜೆ ಸಪ್ಪಳ. ಮೇಷ್ಟ್ರಿರಬೇಕು.

ಅಲ್ಲ. ಬಾಗಿಲಲ್ಲಿ ಅವಳು. ಬ್ಯಾಗ್ ಎದೆಗವಚಿಕೊಂಡಿದ್ದಾಳೆ. ತುಟಿ ಅಲುಗುತ್ತಿದೆ. "ಮಿ... ಮಿ..."

ನನಗೇನೂ ಅವಸರವಿಲ್ಲ. ಆರಾಗಲಿ, ಏಳಾಗಲಿ. ಇದನ್ನು ಆಮೇಲೆ —