ಮದ್ದಿಗೆ ಕೊಸರಿಲ್ಲ

ಶಿವಮಲ್ಲು,

ಅಪ್ಪನ ಕೋವಿಯ ಲೈಸೆನ್ಸ್ ರಿನ್ಯೂ ಮಾಡಿಸೋಕೆ ಕೊಳ್ಳೇಗಾಲಕ್ಕೆ ಹೊರಟಿದ್ದೀನಿ. ಸಾರು ಒಲೆ ಮೇಲಿದೆ, ಬಿಸಿ ಮಾಡಿಕೋ.

ನೀನು ಅದೇ ಒಲೆ ಪಕ್ಕ ಬಿಟ್ಟಿದ್ದ ಕೋವಿ ಮದ್ದಿನ ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೀನಿ. ಬೀಗದಕೈ ನನ್ನ ಹತ್ತಿರ ಇದೆ, ಹುಡುಕಿ ಸುಸ್ತಾಗಬೇಡ.

ಮದ್ದು ತುಂಬೋದು ಕಲೀಬೇಕಾ, ಕಲಿ. ಆದರೆ ನನ್ನೆದುರು ಕೂತು ಕಲಿ. ಬೀಡಿ ಆಚೆ, ಮೊಬೈಲ್ ಆಚೆ, ಕಣ್ಣಿಗೆ ಕನ್ನಡಕ. ಅಳತೆ ಅಂದರೆ ಅಳತೆ.

ನಿನ್ನೆ ಅಳೆದಾದ ಮೇಲೆ "ಒಂಚೂರು ಕೊಸ್ರು ಇರ್ಲಿ ಕಣಕ್ಕ, ಕಾಡಂದಿ ದೂರ ಓಡ್ತವೆ" ಅಂತ ಇನ್ನೊಂದು ಚಿಟಿಕೆ ಸುರಿದೆ. ನಾನು ಅದನ್ನು ಚೆಲ್ಲಿಸಿದ್ದಕ್ಕೆ ಮುನಿಸಿಕೊಂಡೆ. ಮುನಿಸಿಕೋ. ಕೊಸರು ಹಾಕೋದು ಸಂತೇಲಿ ಅವರೆಕಾಯಿಗೆ, ಮದ್ದಿಗಲ್ಲ.

"ಎಂಗ್ಸಿಗ್ಯಾಕ್ಲಾ ಕೋವಿ" ಅಂತ ಟೀ ಅಂಗಡೀಲಿ ಅಂದೆಯಂತೆ. ಇನ್ನೂ ಜೋರಾಗಿ ಅನ್ನು. ಲೈಸೆನ್ಸ್ ನನ್ನ ಹೆಸರಲ್ಲೇ ಇರುತ್ತೆ. ಅಪ್ಪನೇ ಹಾಗೆ ಬರೆಸಿದ್ದು, ಯಾಕೆ ಅಂತ ಇವತ್ತು ಹೇಳ್ತೀನಿ.

ಅಪ್ಪನ ಬಲಗೈಯ ಎರಡು ಬೆರಳು ಕಬ್ಬಿನ ಗಾಣಕ್ಕೆ ಸಿಕ್ಕಿದ್ದಲ್ಲ. ನೀನಾಗ ಕೂಸು, ನಿನಗೆ ಹಾಗೆ ಹೇಳಿದ್ವಿ. ಅವು ಹೋಗಿದ್ದು ಒಂದು ಚಿಟಿಕೆ ಕೊಸರಿಗೆ. ಬಟ್ಟೆ ಸುತ್ತಿದವಳು ನಾನು.

ಅಕ್ಕ