ಮೊಳೆ ಕಚ್ಚಿದ ದವಡೆ

ತಮ್ಮಾ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಫೋನಿನಲ್ಲಿ ನಿನ್ನ ಮೇಲೆ ಕಿರುಚಿದರೆ ದವಡೆ ಮತ್ತೆ ಕೆಡುತ್ತದೆಂದು ನಿನ್ನ ಅತ್ತಿಗೆ ಪೆನ್ನು ಕೈಗೆ ತುರುಕಿದ್ದಾಳೆ.

ಕಿವಿನೋವೆಂದು ವರ್ಷವಿಡೀ ಕಿವಿಗೆ ಔಷಧಿ ಬಿಟ್ಟುಕೊಂಡೆನಲ್ಲ, ಕಿವಿ ಚೆನ್ನಾಗಿಯೇ ಇತ್ತು. ಒಂದು ದಿನ ಊಟಕ್ಕೆ ಕೂತಾಗ ಇವಳೇ ಅಂದಳು: "ರೀ, ಟಕ್ ಟಕ್ ಅಂತಿರೋದು ನಿಮ್ಮ ದವಡೆ! ನಂಗೆ ಇಲ್ಲೀವರೆಗೂ ಕೇಳಿಸ್ತಿದೆ."

ಡಾಕ್ಟರು ಬಾಯಿ ತೆರೆಸಿದರೆ ಒಂದು ಬೆರಳೂ ಸರಿಯಾಗಿ ತೂರಲಿಲ್ಲ. ನಾನು ಚಪ್ಪಲಿ ಹೊಲಿಯುವವನು, ಮೊಳೆಗಳನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೊಡೆಯುವವನು, ಅಪ್ಪ ಕಲಿಸಿದ್ದು ಎಂದೆ. "ನಿಮ್ಮಪ್ಪ ಮೊಳೆಗೊಂದು ಡಬ್ಬಿ ಕೊಡಿಸಲಿಲ್ವಾ?" ಅಂದರು! ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಬಾಯಿ ತೆರೆಯಬೇಕಲ್ಲ.

ಮೊಳೆ ಕಚ್ಚುವುದು ಬಿಟ್ಟೆ. ಬಿಸಿ ಬಟ್ಟೆ ಒತ್ತಿಕೊಂಡೆ, ಹೇಳಿದ ವ್ಯಾಯಾಮವನ್ನೆಲ್ಲ ಮಾಡಿದೆ. ನಿನ್ನೆ ಡಾಕ್ಟರು ನೋಡಿದಾಗ ಬಾಯೊಳಗೆ ಮೂರು ಬೆರಳು ಒಟ್ಟಿಗೆ ಹೋದವು ಕಣೋ! ಬರುವ ದಾರಿಯಲ್ಲೇ ಸೇಬು ಕೊಂಡು, ಜನ ನೋಡಲಿ ಎಂದೇ ಬೀದಿ ಮಧ್ಯೆ ನಿಂತು ಕಚ್ಚಿ ತಿಂದೆ.

ನೀನೂ ಮೊಳೆ ಕಚ್ಚುವವನೇ. ಬೆಳಿಗ್ಗೆ ಎದ್ದರೆ ಕೆನ್ನೆ ಬಿಗಿ, ತಲೆನೋವು, ಆಕಳಿಸಿದರೆ ದವಡೆ ಹಿಡಿದುಕೊಳ್ಳುತ್ತೆ ಎಂದು ನೀನೇ ಹೇಳಿದ್ದೆ. ಅದೆಲ್ಲ ಹಲ್ಲಿನಿಂದಲೇ ಎಂದುಕೊಂಡು ಗಟ್ಟಿಮುಟ್ಟಾದ ಎರಡು ಹಲ್ಲು ಕೀಳಿಸಲು ಹೊರಟಿದ್ದೀಯಂತೆ. ಬುದ್ಧಿ ಇದೆಯಾ? ಹಲ್ಲು ಮುಟ್ಟಿಸಬೇಡ. ಮೊದಲು ನನ್ನ ಡಾಕ್ಟರಿಗೆ ದವಡೆ ತೋರಿಸು, ನಾನೇ ಜೊತೆಗೆ ಬರುತ್ತೇನೆ. ನಾನು ಗೆದ್ದ ಮೇಲೆ ನೀನು ಯಾಕೆ ಸೋಲಬೇಕು?

ಕೀಳಿಸುವುದು ಇಪ್ಪತ್ತೆರಡಕ್ಕೆ ತಾನೆ? ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಸೇರಬೇಕು.

ನಿನ್ನಣ್ಣ