ಅಪ್ಪನ ರೈಫಲ್‌ಗೆ ಹೊಸ ಸ್ಪ್ರಿಂಗ್

ಏಪ್ರಿಲ್ ೯, ಗುರುವಾರ

ಎಷ್ಟು ಸೋಪು ಹಾಕಿದರೂ ಬೆರಳಿನ ಎಣ್ಣೆ ವಾಸನೆ ಹೋಗಲಿಲ್ಲ.

ಮೊನ್ನೆ ಕಯೋಟಿ ತೋಳವೊಂದು ಕುರಿಮರಿಯನ್ನು ಕಚ್ಚಿಕೊಂಡು ಓಡುವಾಗ ಅಪ್ಪನ ರೈಫಲ್ ಒಂದು ಗುಂಡು ಹಾರಿಸುತ್ತಲೇ ಸಿಕ್ಕಿಕೊಂಡಿತ್ತು. ಸ್ಪ್ರಿಂಗ್ ಸವೆದಿದೆ, ತಾನೇ ಬದಲಾಯಿಸುತ್ತೇನೆಂದು ಅವರ ಹಟ. ಇವತ್ತು ಕ್ಯಾಸ್ಪರ್ ಪಟ್ಟಣದ ಅಂಗಡಿಯಿಂದ ಹೊಸದು ಬಂತು. ಗುಂಡಿಲ್ಲವೆಂದು ನೋಡಿಕೊಂಡು, ಊಟದ ಮೇಜಿನ ಮೇಲೆ ಬಿಚ್ಚಿದರು. ಹಳೆಯದೇನೋ ಸುಲಭವಾಗಿ ಬಂತು. ಹೊಸದನ್ನು ಒತ್ತಿ ಹಿಡಿಯಲು ಅವರ ಸಂಧಿವಾತದ ಬೆರಳುಗಳಿಗೆ ಆಗಲಿಲ್ಲ. ಅದು ಚಿಮ್ಮಿ ಒಲೆಯ ಕೆಳಗೆ ಹೋಯಿತು. ನಾನು ಮೊಣಕಾಲೂರಿ ಹುಡುಕುವಾಗ ಅಪ್ಪ ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ನೀನೇ ಹಾಕು ಲರೇನ್," ಅಂದರು.

"ನಂಗೆ ಬರಲ್ಲಪ್ಪ."

"ಕುರಿ ಹೊಟ್ಟೆಯಿಂದ ಮರಿ ಎಳೀತೀಯ, ಇದು ಬರಲ್ವಾ? ಒತ್ತು. ಅನ್ನ ತಿನ್ನಲ್ವಾ ನೀನು? ಇನ್ನೂ ಒತ್ತು. ಹಾಂ!"

ಕೂತಿತು. ಎಲ್ಲ ಜೋಡಿಸಿ ರೈಫಲನ್ನು ಅವರತ್ತ ಚಾಚಿದೆ. ಅವರು ಕೈ ನೀಡಲಿಲ್ಲ.

"ನಿನ್ನ ಬೀರುವಲ್ಲಿಟ್ಟು ಬೀಗ ಹಾಕ್ಕೋ. ಇನ್ಮೇಲೆ ಮಂದೆ ಕಾಯೋಳು ನೀನೇ ಕಣೆ."

ಬೇಡ ಅನ್ನಬೇಕಿತ್ತೇನೋ. ದಿನವಿಡೀ ಕುರಿಗಳ ಹಿಂದೆ ಅಲೆದವಳಿಗೆ ಅಷ್ಟು ತ್ರಾಣವೂ ಉಳಿದಿರಲಿಲ್ಲ; ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಗ್ಗೆ ಎದ್ದು ಅಪ್ಪ, ಇಷ್ಟು ವರ್ಷ ರೈಫಲ್ ತೂಗುತ್ತಿದ್ದ ಬಾಗಿಲ ಪಕ್ಕದ ಖಾಲಿ ಗೂಟ ನೋಡಿದಾಗ ಅವರಿಗೆ ಏನನ್ನಿಸುತ್ತದೋ.